ಅಪ್ಪನ ಯಜ್ಡಿ, ನನ್ನ ಡಿಸ್ಕ್ ಬ್ರೇಕು

ಬಹಳ ದಿನ ಆಯ್ತು ಈ ಕಡೆ ತಲೆ ಹಾಕಿ. ಬರೆಯೋಕೆ ವಿಷಯ ಇರಲಿಲ್ಲ ಅಂತಲ್ಲ. ಇದ್ದ ಒಂದು ವಿಷಯವನ್ನ ಬರೆಯೋಕೆ ಧೈರ್ಯ ಇರಲಿಲ್ಲ, ಅಷ್ಟೆ. ಈಗ ಅಪ್ಪನ ಕೈ ಪೂರ್ತಿ ಸರಿಹೋಗಿದೆ. ಬರೀಬಹುದು ಅನ್ನಿಸ್ತಿದೆ.

ನನ್ನೂರು ಅಂದೋಲಾ. ಜೇವರ್ಗಿ ತಾಲೂಕು, ಕಲಬುರಗಿ ಜಿಲ್ಲೆ. ಬೆಂಗಳೂರಿನಲ್ಲಿ ಯಾರಿಗಾದ್ರೂ ಈ ಹೆಸರು ಹೇಳಿದ್ರೆ "ಎಲ್ಲಿ ಬರತ್ತೆ ಅದು?" ಅಂತಾರೆ. ಆಗ ನಾನು ಸ್ವಲ್ಪ ಜಂಬದಿಂದ, ನಿಜಾಮರ ಆಡಳಿತದಲ್ಲಿ ಗುಲಬರ್ಗಾ ಜಿಲ್ಲೆಯಲ್ಲಿ ಅಂದೋಲಾ ಅನ್ನೋದೇ ಒಂದು ತಾಲೂಕಾಗಿತ್ತು ಗೊತ್ತಾ ಅಂತ ಹೇಳ್ತೀನಿ. ಯಾರೂ ಬೆರಗಾಗಲ್ಲ, ಅದು ಬೇರೆ ಮಾತು :) ಸುತ್ತ ಎರೆ ಹೊಲ, ತೊಗರಿ, ಹತ್ತಿ, ಜೋಳ. ಮಳೆ ಬಂದ್ರೆ ಕಾಲಿಗೆ ಅಂಟಿಕೊಂಡು ಚಪ್ಪಲಿಯನ್ನೇ ಕಿತ್ತುಕೊಳ್ಳುವ ಕಪ್ಪು ಮಣ್ಣು. ಈ ಮಣ್ಣನ್ನ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.

ಅಪ್ಪ ಪ್ರಾಥಮಿಕ ಶಾಲೆ ಮಾಸ್ತರರಾಗಿದ್ದವರು. ಈಗ ನಿವೃತ್ತರು, ವಯಸ್ಸು 62. 1994ರಲ್ಲಿ, ಅಂದ್ರೆ ನಾನು ಹುಟ್ಟೋಕೆ ಮೂರು ವರ್ಷ ಮೊದಲು, ಸಾಲ ಮಾಡಿ ಯಜ್ಡಿ ರೋಡ್‌ಕಿಂಗ್ ತಗೊಂಡಿದ್ರು. ಮನೆಯಲ್ಲಿ ನನಗಿಂತ ಹಿರಿಯ ಅದು. ಅವ್ವ ಈಗಲೂ ಅದನ್ನ "ದೊಡ್ಡ ಮಗ" ಅಂತಲೇ ಕರೀತಾಳೆ. ನನ್ನನ್ನ ಮೊದಲ ಸಲ ಶಾಲೆಗೆ ಬಿಟ್ಟಿದ್ದು, ಆಯಿ ಹೋದಾಗ ರಾತ್ರಿ ಜೇವರ್ಗಿಯಿಂದ ಕಾಕಾನನ್ನ ಕರಕೊಂಡು ಬಂದಿದ್ದು, ಇಂಜಿನಿಯರಿಂಗ್ ಸೀಟು ಸಿಕ್ಕಾಗ ಟ್ರಂಕು ಕಟ್ಟಿಕೊಂಡು ಕಟ್ಟಿಸಂಗಾವಿಯ ಭೀಮಾ ಸೇತುವೆ ದಾಟಿ ನನ್ನನ್ನ ಕಲಬುರಗಿ ಸ್ಟೇಷನ್ನಿಗೆ ಮುಟ್ಟಿಸಿದ್ದು, ಎಲ್ಲ ಅದೇ.

ಗೊತ್ತಿಲ್ಲದವರಿಗೆ ಒಂದಿಷ್ಟು ಹೇಳಿಬಿಡ್ತೀನಿ. ಯಜ್ಡಿ ನಮ್ಮ ಮೈಸೂರಿನ ಕೂಸು. ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಅಲ್ಲಿ ಬೈಕ್ ಮಾಡೋಕೆ ಶುರು ಮಾಡ್ತು. ಮೊದಲು ಜೆಕ್ ದೇಶದ ಜಾವಾ ಹೆಸರಲ್ಲಿ, ಎಪ್ಪತ್ತರ ದಶಕದಿಂದ ಯಜ್ಡಿ ಹೆಸರಲ್ಲಿ. 1996ರಲ್ಲಿ ಬಾಗಿಲು ಹಾಕ್ತು. 250 ಸಿಸಿ ಅಂತ ಕರೆಯುವ ಎರಡು ಸ್ಟ್ರೋಕಿನ ಎಂಜಿನ್, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್. ಕಿಕ್ ಹೊಡೆಯೋ ಲಿವರ್ರೇ ಮುಂದಕ್ಕೆ ಮಡಚಿದ್ರೆ ಗೇರ್ ಲಿವರ್. ನೀರಿಲ್ಲ, ರೇಡಿಯೇಟರ್ ಇಲ್ಲ, ಎದುರಿನ ಗಾಳಿಯಿಂದಲೇ ಎಂಜಿನ್ ತಣ್ಣಗಾಗಬೇಕು. ಎರಡೂ ಚಕ್ರಕ್ಕೆ ಡ್ರಮ್ ಬ್ರೇಕು.

ಕಥೆ ಶುರುವಾಗೋದು ಈ ಬ್ರೇಕಿನಿಂದಲೇ.

2024ರ ದಸರೆಗೆ ಊರಿಗೆ ಹೋಗಿದ್ದೆ. ಅಪ್ಪ ಗಾಡಿ ಹೊಡೀತಿದ್ರು, ನಾನು ಹಿಂದೆ. ಊರ ಬಾಗಿಲಿನ ಹತ್ತಿರ ಒಂದು ಹುಡುಗ, ಆರೇಳು ವರ್ಷದವನು, ಹಳೇ ಟೈರು ಉರುಳಿಸಿಕೊಂಡು ಗಲ್ಲಿಯಿಂದ ರಸ್ತೆಗೇ ಓಡಿ ಬಂದ. ಅಪ್ಪ ಬ್ರೇಕ್ ತುಳಿದ್ರು. ಗಾಡಿ ನಿಲ್ಲಲಿಲ್ಲ. ಅಪ್ಪ ಸೀಟಿನಿಂದ ಎದ್ದು ಮೈಭಾರ ಎಲ್ಲ ಬಲಗಾಲಿನ ಮೇಲೆ ಹಾಕಿದ್ರು. ಟೈರು ಒಂದು ಕಡೆ ಹೋಯ್ತು, ಹುಡುಗ ಅಲ್ಲೇ ನಿಂತ. ನಮ್ಮ ಮುಂದಿನ ಚಕ್ರಕ್ಕೂ ಅವನಿಗೂ ಒಂದು ಗೇಣು ಅಂತರ. ಹುಡುಗ ನಕ್ಕು ಓಡಿಹೋದ. ಅಪ್ಪ ಗಾಡಿ ಬದಿಗೆ ನಿಲ್ಲಿಸಿ ಬಹಳ ಹೊತ್ತು ಕೆಳಗಿಳಿಯಲೇ ಇಲ್ಲ.

"ಮೊಳಕಾಲು ಹಿಡದಾದ ತಮ್ಮಾ, ಜೋರ್ ತುಳಿಲಿಕ್ಕ ಆಗಲ್ಲ" ಅಂದ್ರು ಆಮೇಲೆ. "ಮತ್ತ ಬ್ರೇಕ್ ಹಿಡದ್ರ ಗಾಡಿ ಜರಾ ಕುಂಟತದ."

ಮೊದಲ ಮಾತು ನನ್ನ ತಲೆಯಲ್ಲಿ ಕೂತುಬಿಡ್ತು. ಎರಡನೇ ಮಾತು ಕಿವಿಗೆ ಬೀಳಲೇ ಇಲ್ಲ.

"ಮುಂದಿನ ಬ್ರೇಕ್ ಯಾಕೆ ಹಿಡಿಯಲ್ಲ?" ಅಂತ ನೀವು ಕೇಳಬಹುದು. ಎರೆ ಮಣ್ಣಿನ ಊರಲ್ಲಿ ಗಾಡಿ ಕಲಿತವರು ಯಾರೂ ಹಿಡಿಯಲ್ಲ ಸ್ವಾಮಿ. ಹಸಿ ಎರೆಯಲ್ಲಿ ಮುಂದಿನ ಚಕ್ರ ಕಚ್ಚಿಕೊಂಡ್ರೆ ಹ್ಯಾಂಡಲ್ ಮಾತು ಕೇಳಲ್ಲ, ಸೀದಾ ನೆಲ. ಹಾಗಾಗಿ ನಮ್ಮ ಕಡೆ ಬ್ರೇಕ್ ಅಂದ್ರೆ ಕಾಲಿಂದು. ಅಪ್ಪನ ಬಲಗಾಲಿಗೆ ಮೂವತ್ತು ವರ್ಷದ ಅಭ್ಯಾಸ ಅದು. ಜೊತೆಗೆ ಎರಡು ಸ್ಟ್ರೋಕಿನ ಎಂಜಿನ್ ಆಕ್ಸಿಲರೇಟರ್ ಬಿಟ್ಟಾಗ ಗಾಡಿಯನ್ನ ಹೆಚ್ಚೇನೂ ತಡೆದು ಹಿಡಿಯಲ್ಲ. ಭಾರ ಎಲ್ಲ ಬ್ರೇಕಿನ ಮೇಲೆ.

ಗಾಡಿ ಮಾರೋಣ ಅಂದೆ. ಅಪ್ಪ ಉತ್ತರ ಕೊಡಲಿಲ್ಲ. ಕರೆಂಟಿನ ಸ್ಕೂಟರ್ ಕೊಡಿಸ್ತೀನಿ ಅಂದೆ. "ಅದು ಸಪ್ಪಳೇ ಮಾಡಲ್ಲ, ನಾ ಬಂದಿದ್ದು ನಿಮ್ಮವ್ವಗ ಹ್ಯಾಂಗ ಗೊತ್ತಾಗ್ಬೇಕು?" ಅಂದ್ರು. ಅಲ್ಲಿಗೆ ಮುಗೀತು.

ಸರಿ, ಬೆಂಗಳೂರಿಗೆ ವಾಪಸ್ ಬಂದವನು ಹಿಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಕೂರಿಸೋಣ ಅಂತ ನಿರ್ಧಾರ ಮಾಡಿದೆ. ಇಂಜಿನಿಯರ್ ಅಲ್ವಾ ನಾನು! (ಓದಿದ್ದು ಕಂಪ್ಯೂಟರ್ ಸೈನ್ಸ್ ಅನ್ನೋದು ಆಗ ನೆನಪಾಗಲಿಲ್ಲ.)

ರಾತ್ರಿಯೆಲ್ಲ ಓದಿದೆ. ಡ್ರಮ್ಮಿನಲ್ಲಿ ಎರಡು ಶೂಗಳು ಒಳಗಿನಿಂದ ಹಿಗ್ಗಿ ಡ್ರಮ್ಮಿನ ಗೋಡೆಗೆ ಉಜ್ಜುತ್ತವೆ. ಹುಟ್ಟಿದ ಶಾಖ ಆ ಡಬ್ಬಿಯಿಂದ ಬೇಗ ಹೊರಗೆ ಹೋಗಲ್ಲ. ಡಿಸ್ಕಿನಲ್ಲಿ ತಿರುಗೋ ತಟ್ಟೆಯನ್ನ ಕ್ಯಾಲಿಪರ್ ಎರಡೂ ಕಡೆಯಿಂದ ಚಿವುಟಿ ಹಿಡಿಯುತ್ತೆ. ಎಲ್ಲ ಬಯಲಲ್ಲೇ, ಗಾಳಿಗೆ ತಣ್ಣಗಾಗುತ್ತೆ. ನೀರು ಬಿದ್ರೂ ಒಂದೆರಡು ಸುತ್ತಿನಲ್ಲಿ ಒರೆಸಿ ಹೋಗುತ್ತೆ. 1953ರ ಲೆ ಮಾನ್ಸ್ 24 ಗಂಟೆ ರೇಸಿನಲ್ಲಿ ಜಾಗ್ವಾರ್ ಕಾರು ಡಿಸ್ಕ್ ಬ್ರೇಕ್ ಹಾಕಿಕೊಂಡು ಗೆದ್ದ ಮೇಲೆ ಜಗತ್ತಿಗೆ ಅದರ ರುಚಿ ಹತ್ತಿತು. ಗಾಳಿಯಿಂದ ತಣ್ಣಗಾಗೋ ಎಂಜಿನ್ನಿನ ಪೋರ್ಷೆ 356ಸಿ 1963ರಲ್ಲಿ ನಾಲ್ಕೂ ಚಕ್ರಕ್ಕೆ ಡಿಸ್ಕ್ ಹಾಕಿಕೊಂಡೇ ಬಂತು. ಅದರ ಬಡ ನೆಂಟ ಫೋಕ್ಸ್‌ವ್ಯಾಗನ್ ಬೀಟಲ್‌ಗೆ ಮಾತ್ರ ಹಿಂದೆ ಡ್ರಮ್ಮೇ ಉಳೀತು. ಅದಕ್ಕೇ ಹಳೇ ಬೀಟಲ್ ಇಟ್ಟುಕೊಂಡವರು ಇವತ್ತಿಗೂ ಅಡಾಪ್ಟರು ಮಾಡಿಸಿ ಹಿಂದಿನ ಚಕ್ರಕ್ಕೆ ಡಿಸ್ಕ್ ಕೂರಿಸ್ತಾರೆ. ಮುಚ್ಚಿಹೋಗಿದ್ದ ಜಾವಾ ಹೆಸರು 2018ರಲ್ಲಿ ಹೊಸ ಬೈಕಾಗಿ ವಾಪಸ್ ಬಂದಾಗ ಮುಂದೆ ಡಿಸ್ಕ್, ಹಿಂದೆ ಡ್ರಮ್ ಇತ್ತು. ಸ್ವಲ್ಪ ದಿನದಲ್ಲೇ ಹಿಂದೆಯೂ ಡಿಸ್ಕ್ ಇರೋದು ಬಂತು. ಇಷ್ಟೆಲ್ಲ ಓದಿದ ಮೇಲೆ ಅಪ್ಪನ ಗಾಡಿಗೆ ಡಿಸ್ಕ್ ಇಲ್ಲದಿರೋದು ಅನ್ಯಾಯ ಅನ್ನಿಸಿಬಿಡ್ತು.

ಒಂದು ಬುದ್ಧಿವಂತಿಕೆ ಮಾಡಿದೆ. ಅಪ್ಪನ ಚಕ್ರ ಮುಟ್ಟೋದು ಬೇಡ ಅಂತ ಶಿವಾಜಿನಗರದ ಗುಜರಿಯಲ್ಲಿ ಹುಡುಕಿ ಬೇರೆ ಯಜ್ಡಿಯ ಒಂದು ಹಿಂದಿನ ಚಕ್ರ ತಂದೆ. ಜಾವಾ-ಯಜ್ಡಿಯಲ್ಲಿ ಒಂದು ಸೊಗಸಿದೆ. ಚೈನು ಬಿಚ್ಚದೇನೇ ಹಿಂದಿನ ಚಕ್ರ ಹೊರಗೆ ತೆಗೆಯಬಹುದು. ಚೈನಿನ ಹಲ್ಲುಚಕ್ರ ಗಾಡಿಯಲ್ಲೇ ಉಳಿಯುತ್ತೆ. ಅಂದ್ರೆ ಯಾವಾಗ ಬೇಕಾದ್ರೂ ಹಳೇ ಚಕ್ರ ವಾಪಸ್ ಹಾಕಬಹುದು. ನಾವು ಕೋಡಿನಲ್ಲಿ ಮಾಡ್ತೀವಲ್ಲ, ಹಳೇ ವರ್ಷನ್ ಹಾಗೇ ಇಟ್ಟುಕೊಂಡು ಹೊಸದನ್ನ ಹಾಕೋದು, ಹಾಗೆ.

2025ರ ಮೇ ತಿಂಗಳಲ್ಲಿ ಹತ್ತು ದಿನ ರಜೆ ಹಾಕಿ ಕಲಬುರಗಿಯ ಒಂದು ಲೇತ್ ಅಂಗಡಿಯಲ್ಲಿ ಕೂತೆ. ಹೊರಗೆ ಕಲಬುರಗಿಯ ಮೇ ಬಿಸಿಲು, ಒಳಗೆ ಲೇತಿನ ಬಿಸಿ. ಅಂಗಡಿಯ ಚಾಚಾಗೆ ಎಪ್ಪತ್ತು ದಾಟಿದೆ. ಯಜ್ಡಿ ನೋಡಿದ ಕೂಡಲೇ ಟ್ಯಾಂಕಿನ ಮೇಲೆ ಕೈ ಆಡಿಸಿದ್ರು. ನನ್ನ ಲ್ಯಾಪ್‌ಟಾಪಿನ ಚಿತ್ರ ನೋಡಿ "ಆಗ್ತದ್ ಸಾಬ್, ಕಬ್ಬಿಣ ಹೇಳ್ದಂಗ ಕೇಳ್ತದ" ಅಂದ್ರು.

ಅಲ್ಯೂಮಿನಿಯಂ ಗುಂಡು ಕೊರೆದು ಹಬ್ಬಿಗೆ ಕೂರೋ ಅಡಾಪ್ಟರ್ ಮಾಡಿದ್ರು. ಅದರ ಮೇಲೆ ಇವತ್ತಿನ ಬೈಕಿನ ಹಿಂದಿನ ಡಿಸ್ಕ್. ಕ್ಯಾಲಿಪರ್ ಹಿಡಿಯೋಕೆ ದಪ್ಪ ತಗಡಿನ ಬ್ರಾಕೆಟ್. ಅದು ಆಕ್ಸಲ್ ಮೇಲೆ ಕೂತು, ಬ್ರೇಕ್ ಹಾಕಿದಾಗ ಚಕ್ರದ ಜೊತೆ ತಾನೂ ಸುತ್ತದಂತೆ ಒಂದು ತೋಳು ಹಳೇ ಬ್ರೇಕ್ ಪ್ಲೇಟಿನ ತೋಳು ಕೂರ್ತಿದ್ದ ಜಾಗಕ್ಕೇ ಬೋಲ್ಟ್ ಆಗಬೇಕು. ಫ್ರೇಮಿಗೆ ವೆಲ್ಡಿಂಗ್ ಮಾಡಲೇ ಕೂಡದು ಅನ್ನೋದು ನನ್ನ ಶರತ್ತು. ಡಿಸ್ಕ್ ತಿರುಗುವಾಗ ಎಷ್ಟು ಅಲ್ಲಾಡುತ್ತೆ ಅಂತ ಡಯಲ್ ಗೇಜ್ ಇಟ್ಟು ನೋಡಿದ್ರೆ ಮೊದಲು 0.4 ಮಿಲಿಮೀಟರ್ ಬಂತು. ಚಾಚಾ ಅಡಾಪ್ಟರ್ ಮುಖವನ್ನ ಮತ್ತೆ ಲೇತಿಗೆ ಹಾಕಿ 0.1ಕ್ಕೆ ಇಳಿಸಿದ್ರು. ಪೆಡಲ್ ಪಕ್ಕ ಮಾಸ್ಟರ್ ಸಿಲಿಂಡರ್, ಅಲ್ಲಿಂದ ಹೋಸು, ಡಾಟ್ 4 ಎಣ್ಣೆ. ಈ ಎಣ್ಣೆ ಗಾಳಿಯ ತೇವ ಹೀರಿಕೊಳ್ಳುತ್ತೆ. ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಅನ್ನೋದು ನಿಯಮ, ತೇವ ಹಿಡಿದ ಮೇಲೆ ಅದು 155ಕ್ಕೆ ಇಳಿಯುತ್ತೆ. ಅದಕ್ಕೇ ಸುಮಾರು ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು. ಲೈನಿನಿಂದ ಗಾಳಿ ತೆಗೆಯೋಕೆ ಅರ್ಧ ದಿನ ಹಿಡೀತು. ನಾನು ಪೆಡಲ್ ಒತ್ತೋದು, ಚಾಚಾನ ಮೊಮ್ಮಗ ನಿಪ್ಪಲ್ ಸಡಿಲಿಸೋದು, ಗುಳ್ಳೆ ಬರೋದು...

ಕೊನೆಗೆ ಪೆಡಲ್ ಗಟ್ಟಿಯಾಯ್ತು. ಹೊರಗೆ ತಗೊಂಡು ಹೋಗಿ ಒತ್ತಿದೆ. ಅಬ್ಬಾ! ಬರೀ ಕಾಲಿನ ಹೆಬ್ಬೆರಳು ಸಾಕು, ಗಾಡಿ ನಿಂತುಬಿಡ್ತು. ನಾಲ್ಕು ದಿನ ನಾನೇ ಹೊಡೆದೆ, ಅಂದೋಲಾ-ಜೇವರ್ಗಿ ಎಷ್ಟು ಸಲ ಓಡಾಡಿದೆನೋ. ಅಪ್ಪನೂ ಹೊಡೆದ್ರು. "ಭಾಳ ಹಗುರ ಅದಾ" ಅಂದ್ರು. ಮಗ ಮಾಡಿದ್ದು ಅಂತ ಕಟ್ಟೆಯ ಮೇಲೆ ಕೂತವರಿಗೆಲ್ಲ ತೋರಿಸಿದ್ರು. ನಾನು ಎದೆಯುಬ್ಬಿಸಿಕೊಂಡು ಬೆಂಗಳೂರಿನ ಬಸ್ಸು ಹತ್ತಿದೆ.

ಫೋನ್ ಬಂದಿದ್ದು ಶ್ರಾವಣದಲ್ಲಿ. ಮೀಟಿಂಗಿನಲ್ಲಿದ್ದೆ, ಎರಡು ಸಲ ಕಟ್ ಮಾಡಿದೆ. ಮೂರನೇ ಸಲ ಎತ್ತಿದ್ರೆ ಅವ್ವ. "ನಿಮ್ಮಪ್ಪ ಗಾಡಿ ಮ್ಯಾಲಿಂದ ಬಿದ್ದಾನ. ಅಂಜಬ್ಯಾಡ, ಮಾತಾಡ್ಲತ್ತಾನ."

ಹಿಂದಿನ ರಾತ್ರಿ ಮಳೆಯಾಗಿತ್ತು. ಹೊಲದಿಂದ ಬಂದ ಟ್ರ್ಯಾಕ್ಟರುಗಳು ಚಕ್ರದ ಎರೆಯನ್ನೆಲ್ಲ ಡಾಂಬರಿನ ಮೇಲೆ ಬಳಿದು ಹೋಗಿದ್ವು. ಎದುರಿಗೆ ಎಮ್ಮೆ ಬಂತಂತೆ. ಅಪ್ಪನ ಕಾಲು ತನಗೆ ಗೊತ್ತಿದ್ದಷ್ಟು ಜೋರಾಗಿ ಒತ್ತಿದೆ. ಹಿಂದಿನ ಚಕ್ರ ಕಚ್ಚಿಕೊಂಡು ನಿಂತುಬಿಟ್ಟಿದೆ, ಗಾಡಿಯ ಬಾಲ ಪಕ್ಕಕ್ಕೆ ಹೊರಳಿದೆ. ಅಪ್ಪನ ಎಡಗೈ ಮಣಿಕಟ್ಟಿನ ಎಲುಬು ಮುರಿದಿತ್ತು. ಆರು ವಾರ ಪ್ಲಾಸ್ಟರ್.

ರಾತ್ರಿ ಬಸ್ಸಿನಲ್ಲಿ ನಿದ್ದೆ ಬರಲಿಲ್ಲ. ಏನಾಗಿದೆ ಅಂತ ಒಂದೊಂದೇ ಬಿಡಿಸಿಕೊಂಡೆ. ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ಹೋಗುತ್ತೆ, ಹಿಂದಿನ ಚಕ್ರ ಹಗುರಾಗುತ್ತೆ. ಹಗುರಾದ ಚಕ್ರ ಬೇಗ ಕಚ್ಚಿಕೊಳ್ಳುತ್ತೆ. ಕಚ್ಚಿಕೊಂಡ ಚಕ್ರಕ್ಕೆ ಪಕ್ಕಕ್ಕೆ ಜಾರದಂತೆ ತಡೆಯೋ ಶಕ್ತಿ ಉಳಿಯಲ್ಲ. ಬೀಟಲ್ ಕಾರಿನಲ್ಲಿ ಎಂಜಿನ್ನೇ ಹಿಂದಿನ ಚಕ್ರದ ಮೇಲೆ ಕೂತಿರುತ್ತೆ, ಅಲ್ಲಿ ಹಿಂದಿನ ಬ್ರೇಕಿಗೆ ಮಾಡೋಕೆ ಹೆಚ್ಚು ಕೆಲಸ ಇದೆ. ಬೈಕಿನಲ್ಲಿ ಹಾಗಲ್ಲ. ಹಿಂದಿನ ಬ್ರೇಕು ಜೋರಾಗಿರಬೇಕಾದ್ದೇ ಇಲ್ಲ, ಅಂದಾಜು ಸಿಗುವಂತಿರಬೇಕು ಅಷ್ಟೆ.

ಆ ಅಂದಾಜನ್ನೇ ನಾನು ಹಾಳು ಮಾಡಿದ್ದೆ. ನನ್ನ ಪೆಡಲ್ ಒತ್ತಡವನ್ನ ಆರು ಪಟ್ಟು ಮಾಡ್ತಿತ್ತು. 20 ಕೆಜಿ ಒತ್ತಿದ್ರೆ ಮಾಸ್ಟರ್ ಸಿಲಿಂಡರಿಗೆ 120. ನಾನು ಹಾಕಿದ್ದು 12.7 ಮಿಲಿಮೀಟರ್ ಅಗಲದ ಸಿಲಿಂಡರು, ಎಣ್ಣೆಯಲ್ಲಿ ಹುಟ್ಟೋ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 95 ಕೆಜಿ. ಅದೇ 14 ಮಿಲಿಮೀಟರಿಂದು ಹಾಕಿದ್ರೆ 78. ಸಿಲಿಂಡರ್ ದೊಡ್ಡದಾದ್ರೆ ಬ್ರೇಕ್ ಮೃದುವಾಗುತ್ತೆ. ಇದು ಹೈಸ್ಕೂಲಿನ ಪಾಸ್ಕಲ್ ನಿಯಮ, ಅಪ್ಪನೇ ನನಗೆ ಕಲಿಸಿದ್ದು. ಗುಜರಿಯಲ್ಲಿ ಕೈಗೆ ಸಿಕ್ಕಿದ್ದನ್ನ ತಂದು ಹಾಕಿದ ನಾನು ಈ ಲೆಕ್ಕವನ್ನ ಬೀಳೋ ಮೊದಲು ಮಾಡಲಿಲ್ಲ. ನಾಲ್ಕು ದಿನ ಒಣ ರಸ್ತೆಯಲ್ಲಿ, 28 ವರ್ಷದ ಕಾಲಿನಿಂದ ಟೆಸ್ಟ್ ಮಾಡಿ ಸೈ ಅಂದುಬಿಟ್ಟಿದ್ದೆ. ಆಫೀಸಿನಲ್ಲಿ ಯಾರಾದ್ರೂ ಹೀಗೆ ಕೋಡ್ ಕೊಟ್ಟಿದ್ರೆ ನಾನೇ ವಾಪಸ್ ಕಳಿಸ್ತಿದ್ದೆ.

ಮನೆಗೆ ಹೋದಾಗ ಅಪ್ಪ ಕಟ್ಟೆಯ ಮೇಲೆ ಕೂತಿದ್ರು, ಕೈ ಕೊರಳಿಗೆ ಕಟ್ಟಿಕೊಂಡು. ನಾನು ಏನೋ ಹೇಳೋಕೆ ಹೋದೆ. "ನಿನ್ನ ಬ್ರೇಕ್ ಛಲೋನೇ ಅದಾ. ನನ್ನ ಕಾಲಿಗಿ ತಿಳೀಲಿಲ್ಲ" ಅಂದ್ರು. ಬೈದಿದ್ರೆ ಎಷ್ಟೋ ವಾಸಿ ಇತ್ತು.

ದೊಡ್ಡ ಸಿಲಿಂಡರ್ ತರೋಕೆ ಮತ್ತೆ ಚಾಚಾ ಹತ್ತಿರ ಹೋದೆ. ಅಷ್ಟರಲ್ಲಿ ಇನ್ನೊಂದು ವಿಷಯವೂ ತಿಳಿದಿತ್ತು. ತಯಾರಕರು ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿಯನ್ನ ಬದಲಾಯಿಸೋ ಹಾಗಿಲ್ಲ ಅಂತ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೂಡ ಅದನ್ನೇ ಖಡಕ್ಕಾಗಿ ಹೇಳಿದೆ. ಅಪ್ಪ ಯಾರಿಗಾದ್ರೂ ಗುದ್ದಿಬಿಟ್ಟಿದ್ರೆ? ವಿಮೆಯವರು ಚಕ್ರ ನೋಡಿದ್ರೆ ಏನು ಹೇಳ್ತಿದ್ರು? ಯೋಚಿಸಿದ್ರೆ ಮೈ ಬೆವರುತ್ತೆ.

ಚಾಚಾ ಎಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದ್ರು. "ಅಬ್ಬಾಜಾನ್ ಚಕ್ರ ನೀವ್ ಒಮ್ಮೆರೆ ಬಿಚ್ಚಿ ನೋಡೀರಿ?"

ನೋಡಿರಲಿಲ್ಲ! ಗುಜರಿಯ ಚಕ್ರ ತಂದು ಕೆಲಸ ಮಾಡಿಸಿದ್ದೆ, ಅಪ್ಪನ ಚಕ್ರ ದನದ ಕೊಟ್ಟಿಗೆಯಲ್ಲಿ ಚೀಲ ಸುತ್ತಿಕೊಂಡು ಕೂತಿತ್ತು. ಮರುದಿನ ತಂದು ಬಿಚ್ಚಿದ್ವಿ. ಒಳಗಿನ ಧೂಳನ್ನ ಊದಬೇಡಿ ಅಂದ್ರು ಚಾಚಾ, ಒದ್ದೆ ಬಟ್ಟೆಯಿಂದ ಒರೆಸಿದ್ರು. ಹಳೇ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರಬಹುದು, ಅದು ಶ್ವಾಸಕೋಶಕ್ಕೆ ವಿಷ. ಶೂಗಳ ಮೇಲ್ಮೈ ಗಾಜಿನ ಹಾಗೆ ಹೊಳೀತಿತ್ತು. ಡ್ರಮ್ಮನ್ನ ಅಳೆದ್ರೆ ದುಂಡಗಿಲ್ಲ, ಸ್ವಲ್ಪ ಮೊಟ್ಟೆಯಾಕಾರ. ಶೂ ಹಿಗ್ಗಿಸೋ ಕ್ಯಾಮು ಸವೆದು, ಹೊರಗಿನ ಲಿವರ್ ತಿರುಗಬೇಕಾದ್ದಕ್ಕಿಂತ ಮುಂದಕ್ಕೆ ತಿರುಗ್ತಿತ್ತು. ಲಿವರಿಗೂ ಎಳೆತಕ್ಕೂ 90 ಡಿಗ್ರಿ ಹತ್ತಿರ ಇದ್ರೆ ಪೂರ್ತಿ ಬಲ ಸಿಗುತ್ತೆ, ಅದು ದಾಟಿದಷ್ಟೂ ಕಾಲಿನ ಬಲ ದಂಡ.

"ಕುಂಟತದ" ಅಂತ ಅಪ್ಪ ಹೇಳಿದ್ದು ಇದನ್ನೇ. ಮೊಟ್ಟೆಯಾಕಾರದ ಡ್ರಮ್ಮು ಪ್ರತಿ ಸುತ್ತಿಗೂ ಪೆಡಲನ್ನ ಒದ್ದು ಹೇಳ್ತಿತ್ತು. ಸವಾರ ಬಂದು ದೂರು ಹೇಳಿದ್ದ. ನಾನು ಲಾಗ್ ಓದದೇ ಇಡೀ ಸಿಸ್ಟಮ್ ಹೊಸದಾಗಿ ಬರೆದಿದ್ದೆ.

ಚಾಚಾ ಡ್ರಮ್ಮನ್ನ ಲೇತಿಗೆ ಹಾಕಿ ದುಂಡಗೆ ಮಾಡಿದ್ರು. ಶೂಗಳಿಗೆ ದಪ್ಪ ಲೈನಿಂಗ್ ಅಂಟಿಸಿ, ಡ್ರಮ್ಮಿಗೆ ಸೀಮೆಸುಣ್ಣ ಬಳಿದು ಎಲ್ಲೆಲ್ಲಿ ತಾಗುತ್ತೆ ನೋಡಿ ನೋಡಿ ಉಜ್ಜಿದ್ರು. ಕ್ಯಾಮು ಹೊಸದು. ಒಟ್ಟು ಒಂದೂವರೆ ದಿನದ ಕೆಲಸ. ಡಿಸ್ಕಿಗೆ ಸುರಿದದ್ದರಲ್ಲಿ ಹತ್ತನೇ ಒಂದು ಭಾಗವೂ ಖರ್ಚಾಗಲಿಲ್ಲ.

ಎಷ್ಟು ಹಗುರಾಯ್ತು ಅಂತ ಕೇಳಿದ್ರೆ ಲೆಕ್ಕ ಕೊಡೋಕೆ ನನ್ನ ಹತ್ತಿರ ಇಲ್ಲ. ಮೊದಲಿದ್ದಾಗ ಅಳೆದಿರಲೇ ಇಲ್ವಲ್ಲ. ಈಗ ಪೆಡಲಿಗೆ ತೊಗರಿ ತೂಗೋ ಕೊಕ್ಕೆ ತಕ್ಕಡಿ ಸಿಕ್ಕಿಸಿ ಅಳೆದು ಬರೆದಿಟ್ಟಿದ್ದೀನಿ. ಆರು ತಿಂಗಳಿಗೊಮ್ಮೆ ಅಳೀಬೇಕು.

ದೀಪಾವಳಿಗೆ ಪ್ಲಾಸ್ಟರ್ ಇಲ್ಲದ ಕೈಯಲ್ಲಿ ಅಪ್ಪ ಗಾಡಿ ಹತ್ತಿದ್ರು. ಮೊದಲು ನಾನು ಹಿಂದೆ ಕೂತೆ. ಒಣ ರಸ್ತೆಯಲ್ಲಿ ಮುಂದಿನ ಬ್ರೇಕನ್ನೂ ಮೆಲ್ಲಗೆ ಹಿಡಿಯೋದು ರೂಢಿ ಮಾಡಿಸ್ತಿದ್ದೀನಿ. ಮಾಸ್ತರರಿಗೆ ಪಾಠ ಹೇಳೋದು ಎಷ್ಟು ಕಷ್ಟ ಅಂತ ಈಗ ಗೊತ್ತಾಗ್ತಿದೆ. ಮಳೆ ಬಂದ ದಿನ ಗಾಡಿ ತೆಗೆಯಲ್ಲ ಅಂತ ಅವ್ವನಿಗೆ ಮಾತು ಕೊಟ್ಟಿದ್ದಾರೆ. ಜೇವರ್ಗಿಗೆ ಬಸ್ಸು, ಹೊಲಕ್ಕೆ ಮಾತ್ರ ಯಜ್ಡಿ. ಮೊಳಕಾಲಿಗೂ ಡಾಕ್ಟರಿಗೆ ತೋರಿಸಿದ್ವಿ, ಅದನ್ನೂ ಮೊದಲೇ ಮಾಡಬೇಕಿತ್ತು.

ಡಿಸ್ಕಿನ ಚಕ್ರ ಕೊಟ್ಟಿಗೆಯ ಗೋಡೆಗೆ ನೇತಾಡ್ತಿದೆ. ಗುಜರಿಗೆ ಹಾಕಿಬಿಡ್ತೀನಿ ಅಂದೆ. ಅಪ್ಪ ಬೇಡ ಅಂದ್ರು.

"ಇರ್ಲಿ ಬಿಡು. ಛಂದ ಮಾಡೀರಿ ಅದನ್ನ."

ಮೊನ್ನೆ ಫೋನ್ ಮಾಡಿದಾಗ ಅವ್ವನ ದನಿಯ ಹಿಂದೆ ಎರಡು ಸೈಲೆನ್ಸರಿನ ಸಪ್ಪಳ ಕೇಳಿಸ್ತು. "ಬಂದ ನೋಡು" ಅಂತ ಅವ್ವ ಫೋನ್ ಇಟ್ಟಳು.

ನಿಮ್ಮ ಮನೆಯಲ್ಲೂ ಇಂಥ ಹಳೇ ಗಾಡಿ ಇದ್ರೆ, ಅದನ್ನ ಹೊಡೆಯೋರು ಅದರ ಬಗ್ಗೆ ಏನು ಹೇಳ್ತಾರೆ ಅಂತ ಒಂದು ಸಲ ಕೂತು ಕೇಳಿ. ಆಮೇಲೆ ನನಗೂ ಬರೀರಿ. ಮುಂದಿನ ಸಲ ಇಷ್ಟು ತಡ ಮಾಡಲ್ಲ :)